ಎಚ್‌ಐವಿ ಜಾಗೃತಿ ಬರಹ ಹೆಣ್ಣಿನ ತಾಯ್ತನವನ್ನೇ ಮುಂದಿಡಬೇಕೆ?

ಪರ

ಸಿಂಧನೂರು, ದೇವದುರ್ಗದ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ತಾನಾಗಿಯೇ ಎಚ್‌ಐವಿ ಪರೀಕ್ಷೆಗೆ ಹೊರಟರೆ ಓಣಿ ಸುಮ್ಮನಿರುವುದಿಲ್ಲ. ‘ಆಕಿಗ್ಯಾಕ ಬೇಕಿತ್ತು ಅದು?’ ಎಂಬ ಮಾತು ನೀರು ತುಂಬುವ ಜಾಗದಲ್ಲೇ ಶುರುವಾಗುತ್ತದೆ. ಅದೇ ಹೆಣ್ಣು ಬಸುರಿಯಾಗಿ, ತಾಯಿ ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯ ಜೊತೆ ಹೊರಟರೆ ಅತ್ತೆಯೇ ‘ಲಗೂನ ಹೋಗಿ ಬಾರವ್ವಾ’ ಅಂತ ಕಳಿಸುತ್ತಾಳೆ. ರಕ್ತ ಎಷ್ಟಿದೆ, ಸಕ್ಕರೆ ಎಷ್ಟಿದೆ ಎಂದು ನೋಡುವಾಗಲೇ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ.

ಜಾಗೃತಿ ಬರಹಗಳಲ್ಲಿ ‘ಹುಟ್ಟುವ ಮಗುವಿಗಾಗಿ’ ಎಂದು ಬರೆದವರಿಗೆ ಈ ಊರುಗಳು ಗೊತ್ತು. ಔಷಧ ಇಲ್ಲದಿದ್ದರೆ ಸೋಂಕಿತ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಬಸುರಿನಲ್ಲೇ ಮಾತ್ರೆ ಶುರುವಾಗಿ ತಪ್ಪದೆ ನಡೆದರೆ ಅದು 5ಕ್ಕಿಂತ ಕೆಳಗಿಳಿಯಬಹುದು. ಮನೆಮಂದಿಯೆಲ್ಲ ಒಪ್ಪುವ ಮಾತಿನಿಂದ ಇಷ್ಟು ಕೂಸುಗಳು ಉಳಿಯುವಾಗ ಅದನ್ನು ಬಿಡುವುದು ಸರಿಯಲ್ಲ.

ವಿರೋಧ

ಹೆರಿಗೆಯಾಯಿತು, ಕೂಸು ಉಳಿಯಿತು. ಆಮೇಲೆ ಅವಳ ಗತಿ?

ಮಗುವಿಗಾಗಿ ಮಾತ್ರೆ ನುಂಗು ಎಂದಷ್ಟೇ ಓದಿದವಳು ಮಗುವಿಗೆ ಸೋಂಕಿಲ್ಲ ಎಂದು ತಿಳಿದ ದಿನ ತನ್ನ ಮಾತ್ರೆ ಬಿಟ್ಟರೆ ತಪ್ಪು ಯಾರದು? ಆ ಮಾತ್ರೆ ಅವಳ ಜೀವಕ್ಕೂ ಬೇಕು. ಎಚ್‌ಐವಿಯನ್ನು ಹತ್ತಿಕ್ಕುವ ಈ ಮಾತ್ರೆಗಳ ಚಿಕಿತ್ಸೆಯನ್ನು (ಎಆರ್‌ಟಿ) 2004ರಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ದಿನ ತಪ್ಪದೆ ತೆಗೆದುಕೊಂಡವರು ಮುಪ್ಪಿನವರೆಗೆ ದುಡಿದು ಬಾಳಬಹುದು. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡದು. ಇದನ್ನು ಅವಳಿಗೆ ಅವಳ ಸಲುವಾಗಿಯೇ ಹೇಳಬೇಕು.

ತಾಯ್ತನದ ಬರಹ ಯಾರನ್ನು ಬಿಟ್ಟುಬಿಡುತ್ತದೆ ಅದನ್ನೂ ನೋಡಿ. ಗಂಡ ಸತ್ತವಳು, ಮಕ್ಕಳಾಗದವಳು, ಮಕ್ಕಳು ದೊಡ್ಡವರಾದ ಮೇಲೆ ಹೊಲದ ಕೂಲಿಗೆ ಹೋಗುವವಳು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು, ಆದರೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಈಗಲೂ ನಮ್ಮ ನಡುವೆ ಇದ್ದಾರೆ. ಇವರಲ್ಲಿ ಯಾರಿಗೂ ಆ ಬರಹ ತಮ್ಮದು ಅನ್ನಿಸದು.

ನನಗೆ ಹೆಚ್ಚು ಸಂಕಟವಾಗುವುದು ಬೇರೆ ಕಾರಣಕ್ಕೆ. ಬಸುರಿಯಾದ್ದರಿಂದ ಪರೀಕ್ಷೆ ಮೊದಲು ಅವಳಿಗೇ ಆಗುತ್ತದೆ. ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗಿ ಬಂದ ಗಂಡನ ರಕ್ತವನ್ನು ಯಾರೂ ನೋಡಿರುವುದಿಲ್ಲ. ‘ಸೊಸಿನ ಈ ರೋಗ ತಂದಾಳ’ ಎಂದು ಅವಳ ಗಂಟುಮೂಟೆ ಹೊರಗೆ ಬೀಳುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಸೋಂಕಿನ ಕಾರಣಕ್ಕೆ ಅವಳನ್ನು ಮನೆಯಿಂದ ಹೊರಹಾಕಬಾರದು ಎನ್ನುತ್ತದೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆ. ಕೂಸಿನ ಚಿತ್ರಕ್ಕೆ ಕೊಡುವ ಜಾಗದಲ್ಲಿ ಈ ಎರಡು ಸಾಲು ಬರೆಯಿರಿ, ಕೆಳಗೆ 1097 ಸಹಾಯವಾಣಿಯ ನಂಬರ್ ಹಾಕಿರಿ. ಗುಳೆ ಹೊರಡುವ ಬಸ್ಸು ನಿಲ್ಲುವ ಕಡೆ ಗಂಡಸರಿಗೂ ಒಂದು ಗೋಡೆ ಬರೆಸಿರಿ: ಮೊದಲು ನೀನು ಪರೀಕ್ಷೆ ಮಾಡಿಸಿಕೋ.