ಇಪ್ಪತ್ತೆಂಟು ನಿಮಿಷದ ಶಿವಮೊಗ್ಗ

ತಪ್ಪು ನನ್ನದೇ. ಅತ್ತೆಗೆ ಫೋನಿನಲ್ಲಿ ಲೆಕ್ಕ ಒಪ್ಪಿಸಲು ಹೋಗಬಾರದಿತ್ತು.

ದೇವನಹಳ್ಳಿ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 237 ಕಿ.ಮೀ. ರಸ್ತೆಯಲ್ಲಾದರೆ 300ರ ಹತ್ತಿರ. ಅಲ್ಲಿಗೆ ಹೋಗುವುದು ಎಟಿಆರ್. ಎರಡು ಫ್ಯಾನು ತಿರುಗಿಸಿಕೊಂಡು ಹಾರುವ ಸಣ್ಣ ವಿಮಾನ. ಗಂಟೆಗೆ 500 ಕಿ.ಮೀ. ಓಡುತ್ತದಂತೆ. ಭಾಗಿಸಿದೆ. 28 ನಿಮಿಷ! ಟಿಕೆಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿತ್ತು. ಸುಮ್ನೆ ಜಾಸ್ತಿ ಬರೆದಿದ್ದಾರೆ ಅಂದುಕೊಂಡೆ.

"ಅತ್ತೆ, ಒಂಬತ್ತೂ ಐವತ್ತಕ್ಕೆ ಹೊರಟರೆ ಹತ್ತೂ ಹದಿನೆಂಟಕ್ಕೆ ಅಲ್ಲಿರ್ತೀನಿ."

"ಹಾಗಾದ್ರೆ ಹತ್ತೂವರೆಗೆ ಕಡುಬು ಇಡ್ತೀನಿ ಅಳಿಯಂದಿರೇ, ಬಿಸಿಬಿಸಿ ತಿನ್ನೋರಂತೆ."

ಜನವರಿ ತಿಂಗಳು. ಬೆಳಗ್ಗೆ ಐದೂವರೆಗೆ ಬನಶಂಕರಿಯ ಮನೆ ಬಿಟ್ಟೆ. ವಾಯು ವಜ್ರ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಒಂದು ನಿದ್ದೆ ಮುಗಿಸಿ ಎದ್ದರೂ ಹೆಬ್ಬಾಳವೇ ಇತ್ತು. ನಿಲ್ದಾಣ ತಲುಪಿದರೆ ಎಲ್ಲೆಲ್ಲೂ ಮಂಜು. ವಿಮಾನ ಹೋಗಲಿ, ಅದರ ಬಾಲವೂ ಕಾಣಿಸಲಿಲ್ಲ.

ಹತ್ತು ಗಂಟೆಗೆ ಫೋನ್ ಮಾಡಿದೆ. "ಅತ್ತೆ, ಈಗಲೇ ಇಡಬೇಡಿ." ಹತ್ತೂವರೆಗೆ ಘೋಷಣೆ ಆಯಿತು. "ಇಡಿ." ಐದೇ ನಿಮಿಷಕ್ಕೆ ಘೋಷಣೆ ಬದಲಾಯಿತು. "ಒಲೆ ಆರಿಸಿ." ಅಲ್ಲಿ ಗೋಪುರದಲ್ಲಿ ಕೂತವರು ವಿಮಾನ ಬಿಡುತ್ತಿರಲಿಲ್ಲ, ಇಲ್ಲಿ ನಾನು ಕಡುಬು ಬೇಯಲು ಬಿಡುತ್ತಿರಲಿಲ್ಲ. ಹೀಗೆ ಮೂರು ಸಲ.

ಕೊನೆಗೆ ಹನ್ನೊಂದಕ್ಕೆ ಗೇಟು ತೆರೆಯಿತು. ಗೇಟಿನಿಂದ ವಿಮಾನಕ್ಕೆ ಬಸ್ಸು. ಅದು ಎಷ್ಟು ಸುತ್ತಿತೆಂದರೆ, ಇವನು ತುಮಕೂರಿನ ತನಕ ಬಿಟ್ಟು ಬರ್ತಾನೇನೋ ಅನ್ನಿಸಿತು. ಹತ್ತಿ ಕೂತ ಮೇಲೆ ವಿಮಾನವೂ ನೆಲದ ಮೇಲೆಯೇ ಉರುಳುತ್ತಾ ಹೋಯಿತು. ಆಗ ಹೊಳೆಯಿತು: ಟಿಕೆಟಿನ ಸಮಯ ಅಂದರೆ ಹಾರುವ ಸಮಯ ಅಲ್ಲ. ಇಲ್ಲಿ ಗಾಲಿ ಅಲುಗಾಡಿದಾಗಿನಿಂದ ಅಲ್ಲಿ ಗಾಲಿ ನಿಲ್ಲುವವರೆಗೆ. ಮೇಲೇರುವಾಗ, ಇಳಿಯುವಾಗ 500ರ ವೇಗವೂ ಇರುವುದಿಲ್ಲ. ನನ್ನ ಭಾಗಾಕಾರದಲ್ಲಿ ಇದ್ಯಾವುದೂ ಇರಲಿಲ್ಲ.

ಹಾರಾಟ ಮಾತ್ರ ಚೆಂದ. ತೆಂಗಿನ ತೋಟಗಳಲ್ಲಿ ತಿಪಟೂರು ಯಾವುದು ಅಂತ ಹುಡುಕುವಷ್ಟರಲ್ಲಿ ಬೆಲ್ಟು ಹಾಕಿಕೊಳ್ಳಿ ಅಂದರು. ಸೋಗಾನೆಯ ರನ್‌ವೇ 3.2 ಕಿ.ಮೀ. ಎಟಿಆರ್‌ಗೆ ಅದರಲ್ಲಿ ಅರ್ಧವೂ ಬೇಡ. ಟರ್ಮಿನಲ್ಲು ಕಮಲದ ಆಕಾರವಂತೆ. ಹೊಟ್ಟೆ ಹಸಿದವನಿಗೆ ಅದೂ ದೊಡ್ಡ ಕಡುಬಿನ ಹಾಗೇ ಕಂಡಿತು. ಅಲ್ಲಿಂದ ಊರಿಗೆ ಮತ್ತೆ ಕಾರು.

ಮನೆ ಸೇರಿದಾಗ ಒಂದೂಕಾಲು.

ಮಾವ ಪಂಚಾಂಗದ ಹಿಂದಿನ ಪುಟದಲ್ಲಿ ಏನೋ ಬರೆಯುತ್ತಿದ್ದರು. "ಐದೂವರೆಯಿಂದ ಒಂದೂಕಾಲಿಗೆ ಏಳೂಮುಕ್ಕಾಲು ಗಂಟೆ. ನೀವು ಹೇಳಿದ್ದು 237 ಕಿಲೋಮೀಟರ್, ಅಲ್ವಾ? ಗಂಟೆಗೆ ಮೂವತ್ತೂವರೆ ಬರತ್ತೆ." ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಮ್ಮ ಹಳೇ ಲೂನಾನೂ ಇಷ್ಟೇ ಓಡ್ತಿತ್ತು. ಮಂಜಿದ್ರೂ ನಿಲ್ತಿರಲಿಲ್ಲ."

ನಾಲ್ಕೂವರೆ ಗಂಟೆ ಚಿಲ್ಲರೆಯ ಜನಶತಾಬ್ದಿಯಲ್ಲಿ ಹಿಂದಿನ ದಿನವೇ ಬಂದಿಳಿದಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮೂರು ಸಲ ಬೆಂದ ಕಡುಬನ್ನು ಅತ್ತೆ ತಟ್ಟೆಗೆ ಹಾಕಿದರು. ಠಣ್ ಅಂತು.