ಎರಡು ದೋಣಿಯಲ್ಲಿ ಕಾಲು

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದ ಹಿರಿಯರಿಗೆ ನಡುವೆ ಅಡ್ಡತೊಲೆ ಹಾಕುವ ಯೋಚನೆ ಹೊಳೆದಿರಲಿಲ್ಲ. ಬಿಗಿಯಾಗಿ ಕಟ್ಟಿದ ಜೋಡಿದೋಣಿಯಷ್ಟು ಭದ್ರವಾದ ಜಾಗ ನೀರಿನ ಮೇಲೆ ಇನ್ನೊಂದಿಲ್ಲ. ಅದಕ್ಕಿರುವ ‘ಕ್ಯಾಟಮರಾನ್’ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು. ಅದಾದರೋ ದಿಮ್ಮಿ ಕಟ್ಟಿದ ತೆಪ್ಪ, ಜೋಡಿದೋಣಿಯೇ ಅಲ್ಲ. ಮನೆಯ ಶೆಡ್ಡಿನಲ್ಲಿ ಪ್ಲೈವುಡ್‌ನಿಂದ ಜೋಡಿದೋಣಿ ಕಟ್ಟಹೊರಟವರಿಗೆ ಎಡವಟ್ಟು ಹೆಸರಿನಲ್ಲೇ ಶುರು.

ಮುಂದಿನ ಎಡವಟ್ಟು ಪ್ಲೈವುಡ್‌ನದು. 8 ಅಡಿಯ ಎರಡು ಶೀಟ್ ಸೇರಿದರೆ 16 ಅಡಿ, ಮಗ್ಗಿ ಕಲಿತ ಮಕ್ಕಳೂ ಹೇಳುತ್ತಾರೆ. ಆದರೆ ಜೋಡಿಸುವ ಅಂಚುಗಳನ್ನು ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಕೂರಿಸಬೇಕು. 6 ಮಿ.ಮೀ. ಪ್ಲೈಗೆ 48 ಮಿ.ಮೀ. ಮಾಯ. ನಕ್ಷೆಯನ್ನು ಸರಿಯಾಗಿ 16 ಅಡಿಗೇ ಬರೆದವರ ದೋಣಿ ಎರಡಿಂಚು ಮೊಂಡುಮೂಗು. ಶೀಟಿನ ಮೇಲೆ ಮರೈನ್ ಪ್ಲೈವುಡ್‌ಗೆ ಕೊಡುವ ಐಎಸ್ 710 ಮುದ್ರೆ ಇರಲಿ; ಬರೀ ‘ವಾಟರ್‌ಪ್ರೂಫ್’ ಎಂದದ್ದು ಅಡುಗೆಮನೆಯ ಕಪಾಟಿಗೆ ಸಾಕು.

ಆರಿಂಚಿಗೊಂದು ತೂತು ಕೊರೆದು ತಾಮ್ರದ ತಂತಿಯಲ್ಲಿ ಹಲಗೆ ಹೊಲಿಯುವುದು ಗೋಣಿಚೀಲ ಹೊಲಿದಷ್ಟೇ ಕೆಲಸ. ಕಾಡುವುದು ಎಪಾಕ್ಸಿ, ಹಾರ್ಡನರ್ ಎಂಬ ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು. ಬೇಗ ಒಣಗಲೆಂದು ಹಾರ್ಡನರ್ ಇನ್ನೊಂದಿಷ್ಟು ಸುರಿಯಲು ಅದೇನು ಸಾರಿನ ಉಪ್ಪಲ್ಲ. ಡಬ್ಬದ ಮೇಲಿನ ಪ್ರಮಾಣ ತಪ್ಪಿದರೆ ಅಂಟು ಅಂಟಾಗಿಯೇ ಉಳಿಯುತ್ತದೆ. ಮಗ್ಗಿನ ತುಂಬ ಕಲಸಿಟ್ಟು ಕಾಫಿಗೆ ಹೋದಿರೋ, ಒಳಗಿನ ಬಿಸಿಗೆ ದಾರಿ ಸಿಗದೆ ಹೊಗೆಯೆದ್ದು, ಬ್ರಷ್ ಸಮೇತ ಕಲ್ಲಾಗುತ್ತದೆ. ಒಮ್ಮೆಗೆ ಕಾಲು ಕೆಜಿ ಸಾಕು, ಅದೂ ಅಗಲ ತಟ್ಟೆಯಲ್ಲಿ. ಹಲಗೆಗಳು ಕೂಡುವ ಮೂಲೆ ತುಂಬಲು ಅದಕ್ಕೆ ನುಣ್ಣನೆ ಮರದ ಹಿಟ್ಟು ಬೆರೆಸಿ; ಗೋಡೆಗೆ ಮೆತ್ತಿದರೂ ಜಾರದ ಗಟ್ಟಿಚಟ್ನಿಯ ಹದ. ಮಳೆಗಾಲದಲ್ಲಿ ಮೇಲ್ಮೈಗೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಎರಡನೇ ಕೋಟ್ ಬಳಿದರೆ ಆಮೇಲೆ ಹಪ್ಪಳದಂತೆ ಎದ್ದುಬರುತ್ತದೆ.

ಇಂಧನ ಉಳಿಸುವುದು ಸಣಕಲು ಮೈ. ಒಂದೊಂದು ದೋಣಿಯ ಉದ್ದ 16 ಅಡಿಯಾದರೆ ನೀರಿನ ಮಟ್ಟದಲ್ಲಿ ಅಗಲ 16 ಇಂಚು, ಹನ್ನೆರಡಕ್ಕೊಂದು. ಅಲೆ ಎಬ್ಬಿಸದೆ ನುಸುಳುವುದರಿಂದ ಸಣ್ಣ ಇಂಜಿನ್ನೇ ಸಾಕು. ಆದರೆ ಸಣಕಲಿಗೆ ಹೊರುವ ತಾಕತ್ತಿಲ್ಲ. ಈ ಅಳತೆಯ ಜೋಡಿ ಸುಮಾರು 27 ಕೆಜಿಗೆ ಒಂದು ಸೆಂ.ಮೀ. ಇಳಿಯುತ್ತದೆ. ಭಾವ, ಭಾವನ ತಮ್ಮ, ಅವನ ಗೆಳೆಯ, ಬುತ್ತಿ ಎಲ್ಲ ಸೇರಿ 240 ಕೆಜಿ ಹತ್ತಿದರೆ 9 ಸೆಂ.ಮೀ. ಹೋಯಿತು, ಎರಡು ದೋಣಿಗಳ ನಡುವಿನ ಅಟ್ಟದ ತಳಕ್ಕೆ ಅಲೆ ದಬದಬ ಬಡಿಯತೊಡಗುತ್ತದೆ.

ತೊಲೆ ಕೂರಿಸುವಾಗ ಮೂತಿಗಳ ನಡುವಿನ ಅಂತರ, ಬಾಲಗಳ ನಡುವಿನ ಅಂತರ ಎರಡೂ ಒಂದೇ ಇರಬೇಕು. ಮೂಲೆಯಿಂದ ಮೂಲೆಗೂ ಟೇಪ್ ಹಿಡಿಯಿರಿ. ಸೊಟ್ಟಗಾದ ಜೋಡಿ, ಮುನಿಸಿಕೊಂಡ ದಂಪತಿಯಂತೆ, ಆಯುಷ್ಯವಿಡೀ ನೀರನ್ನು ಪಕ್ಕಕ್ಕೆ ತಳ್ಳುತ್ತ ಪೆಟ್ರೋಲ್ ಕುಡಿಯುತ್ತದೆ. ತೊಲೆಗಳಿಗೆ ಅಂಟು ಬೇಡ, ಬೋಲ್ಟ್ ಇರಲಿ. ಕಟ್ಟಿದ ಜೋಡಿಯ ಒಟ್ಟು ಅಗಲ 8 ಅಡಿ, ಶೆಡ್ಡಿನ ಬಾಗಿಲು ಮೂರೂವರೆ. ಗೋಡೆ ಒಡೆಸುವ ಗಾರೆಯವನ ಕೂಲಿ ಯಾವ ನಕ್ಷೆಯಲ್ಲೂ ಇರುವುದಿಲ್ಲ.