ರಿಮೂವ್ ಅಂದರೆ ತೆಗೆಯುವುದಲ್ಲ ಕಣಪ್ಪಾ

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂಗ್ಲಿಷ್ ಚೆನ್ನಾಗಿ ಬರುವುದೇ ಇಲ್ಲಿ ದೊಡ್ಡ ತೊಡಕು.

ಸಿ ಪ್ಲಸ್ ಪ್ಲಸ್ ಭಾಷೆಯನ್ನೇ ನೋಡಿ. 5, 3, 5, 8 ಎಂಬ ಪಟ್ಟಿಯಲ್ಲಿ 5 ಬೇಡವೆಂದು ಹೊಸಬ ‘ರಿಮೂವ್’ ಕರೆಯುತ್ತಾನೆ. ಪ್ರಿಂಟ್ ಮಾಡಿದರೆ ಸಾಮಾನ್ಯವಾಗಿ ಸಿಗುವುದು 3, 8, 5, 8. ಹೋಗೆಂದ 5 ಕಾಲು ಚಾಚಿ ಕೂತಿದೆ, ಕರೆಯದ ಇನ್ನೊಂದು 8 ಬಂದು ಸೇರಿದೆ, ನಾಲ್ಕಕ್ಕೆ ನಾಲ್ಕೂ ಹಾಜರ್! ಉಳಿಯಬೇಕಾದವನ್ನು ಮುಂದಕ್ಕೆ ಸರಿಸಿ, ಅವು ಎಲ್ಲಿಗೆ ಮುಗಿದವೆಂದು ಬೆರಳು ತೋರಿಸುವಷ್ಟೇ ರಿಮೂವ್‌ನ ಡ್ಯೂಟಿಯಂತೆ. ನಿಜವಾಗಿ ತೆಗೆಯಲು ‘ಇರೇಸ್’ ಸಾಹೇಬರ ಸಹಿ ಬೇಕು. ‘ಎಂಪ್ಟಿ’ ಏನನ್ನೂ ಖಾಲಿ ಮಾಡುವುದಿಲ್ಲ, ಖಾಲಿ ಇದೆಯಾ ಎಂದು ಇಣುಕಿ ಬರುತ್ತದೆ. ‘ಮೂವ್’ ಏನನ್ನೂ ಸಾಗಿಸುವುದಿಲ್ಲ, ಸಾಗಿಸಲು ನಿರಾಕ್ಷೇಪಣಾ ಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಇದ್ಯಾಕೆ ಹೀಗೆ ಎಂದು ಕೇಳಿದಿರೋ, ‘ಡಾಕ್ಯುಮೆಂಟೇಶನ್ ಓದಿಲ್ವಾ?’ ಎಂಬ ಮಂಗಳಾರತಿ. ಓದಿಯೂ ತಲೆಗೆ ಹತ್ತಲಿಲ್ಲ ಎಂದರೆ ‘ಅಭ್ಯಾಸ ಆಗುತ್ತೆ ಬಿಡಿ’. ಅಭ್ಯಾಸ ಆದವರು ಮುಂದಿನ ಬ್ಯಾಚಿಗೆ ಇದನ್ನೇ ದಾಟಿಸುತ್ತಾರೆ. ಅನುಭವ ಎನ್ನುವುದು ಇದಕ್ಕೇ ಇರಬೇಕು.

ನಾಮಕರಣದ ಹಿಂದೆ ಶಾಸ್ತ್ರವಿಲ್ಲ ಎನ್ನಬೇಡಿ, ಇದೆ. ಪಿಎಚ್‌ಪಿ ಭಾಷೆಯ ಶೈಶವದಲ್ಲಿ ಫಂಕ್ಷನ್‌ಗಳನ್ನು ಬೇಗ ಹುಡುಕಲೆಂದು ಖಾನೆಗಳಿಗೆ ಹಂಚುವ ‘ಹ್ಯಾಶ್’ ಲೆಕ್ಕ ಹೆಸರಿನ ಉದ್ದದ ಮೇಲೆ ನಿಂತಿತ್ತು. ಒಂದೇ ಉದ್ದದವು ಒಂದೇ ಕಡೆ ಗುಂಪುಗೂಡಬಾರದಲ್ಲ, ಅದಕ್ಕೇ ಉದ್ದ ಗಿಡ್ಡ ಹೆಸರುಗಳನ್ನು ಬೆರೆಸಿ ಇಟ್ಟರಂತೆ. ಹೀಗೆಂದು 2013ರಲ್ಲಿ ವಿವರಿಸಿದವರು ಆ ಭಾಷೆಯ ಜನಕ ರಾಸ್ಮಸ್ ಲೆರ್ಡಾರ್ಫ್ ಅವರೇ. ಹೆಸರಿನ ಅಕ್ಷರ ಎಣಿಸುವ ಸಂಖ್ಯಾಶಾಸ್ತ್ರ ಕಂಡು ನಗುವ ಎಂಜಿನಿಯರುಗಳೇ, ಕೇಳಿಸಿತೇ?

ಪೈಥಾನ್‌ನಲ್ಲಿ ಚಿತ್ರಗಳನ್ನು ಸಂಭಾಳಿಸುವ ಲೈಬ್ರರಿಯೊಂದಿದೆ: ಇನ್‌ಸ್ಟಾಲ್ ಮಾಡುವಾಗ ಅದು ‘ಪಿಲ್ಲೋ’, ಇಂಪೋರ್ಟ್ ಮಾಡುವಾಗ ಅದರ ಹಿಂದಿನ ಲೈಬ್ರರಿಯ ಹೆಸರೇ, ‘ಪಿಐಎಲ್’. ಹಳಬರ ಕೋಡ್ ಮುರಿಯಬಾರದು ನೋಡಿ. ಹೊಸಬರ ತಲೆ ಕೆಟ್ಟರೆ ಅದಕ್ಕೆ ಎರರ್ ಮೆಸೇಜ್ ಇಲ್ಲ.

ಇನ್ನು ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಫೈಲ್ ಸೃಷ್ಟಿಸುವ ‘ಕ್ರಿಯೇಟ್’. ಅದರ ಸ್ಪೆಲಿಂಗ್‌ನಲ್ಲಿ ಕೊನೆಯ ‘ಇ’ ಇಲ್ಲ. ಯುನಿಕ್ಸ್ ಮತ್ತೆ ಕಟ್ಟಿದರೆ ಏನು ಬದಲಾಯಿಸುತ್ತೀರಿ ಎಂದಾಗ, ಆ ‘ಇ’ ಸೇರಿಸುತ್ತೇನೆ ಎಂದಿದ್ದರು ಅದನ್ನು ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್. 2009ರಲ್ಲಿ ಹೊರಬಂದ ಗೋ ಭಾಷೆಯ ನಿರ್ಮಾತೃಗಳಲ್ಲಿ ಅವರೂ ಒಬ್ಬರು. ಅದರ ಲೈಬ್ರರಿಯಲ್ಲಿ ‘ಇ’ ಇರುವ O_CREATE ಎಂಬ ಹೆಸರೇ ಬಂತು. ಆದರೆ ಸೋರ್ಸ್ ಕೋಡ್ ತೆರೆದು ಆ ಹೆಸರಿಗೆ ಅರ್ಥ ಕೊಡುವ ಸಾಲಿನಲ್ಲೇ ಸಮಚಿಹ್ನೆಯ ಬಲಗಡೆ ನೋಡಿ: ಅಲ್ಲಿ ಇನ್ನೂ ‘ಇ’ ಇಲ್ಲ.